ಎರಡು ನೆಲಕ್ಕೆ ಒಂದು ಗಾಡಿ: ಸೆಕೆಂಡ್ ಹ್ಯಾಂಡ್ ಸ್ಪೋರ್ಟ್ ಕ್ವಾಡ್ ಕೊಂಡ ಒಂದು ಪ್ರಕರಣ

ಹಿನ್ನೆಲೆ

ಅರಿಜೋನಾದ ಫೀನಿಕ್ಸ್ ಸುತ್ತಮುತ್ತಲಿನ ಬಡಾವಣೆಗಳಲ್ಲಿ ಚಿಪ್ ಕಾರ್ಖಾನೆಗಳ ಕೆಲಸಕ್ಕೆಂದು ಬಂದು ನೆಲೆಸಿದ ಕನ್ನಡ ಕುಟುಂಬಗಳಿವೆ. ಅಂಥ ಒಂದು ಮನೆಯ ಪ್ರಕರಣ ಇದು. ಮನೆಯ ಯಜಮಾನರನ್ನು ಇಲ್ಲಿ ರಾಯರು ಎಂದು ಕರೆಯುತ್ತೇನೆ; ಅದು ಅವರ ಹೆಸರಲ್ಲ. ಗುರುತು ಸಿಗಬಹುದಾದ ವಿವರಗಳನ್ನು, ಬೆಲೆಗಳನ್ನೂ ಸೇರಿಸಿ, ಸ್ವಲ್ಪ ಬದಲಿಸಿದ್ದೇನೆ.

ರಾಯರು ಬೆಂಗಳೂರಿನಲ್ಲಿದ್ದಾಗ ವರ್ಷಗಟ್ಟಲೆ ಮೋಟಾರ್ ಸೈಕಲ್ ಓಡಿಸಿದವರು. ಕ್ವಾಡ್ (ಬೈಕಿನಂತೆ ಹ್ಯಾಂಡಲ್ ಹಿಡಿದು ಓಡಿಸುವ, ದಪ್ಪ ಟೈರಿನ ನಾಲ್ಕು ಚಕ್ರಗಳ ಗಾಡಿ) ಎಂದರೆ ಅವರಿಗೆ ಗೊತ್ತಿದ್ದದ್ದು ಕೊಡಗಿನ ರೆಸಾರ್ಟೊಂದರಲ್ಲಿ ಬಾಡಿಗೆ ಕೊಟ್ಟು ತೋಟದ ಅಂಚಿನಲ್ಲಿ ಒಂದು ಸುತ್ತು ಹಾಕಿದ ಗಾಡಿ ಮಾತ್ರ. ಅದರಲ್ಲಿ ಕ್ಲಚ್ ಇರಲಿಲ್ಲ, ಗೇರ್ ಬದಲಿಸುವ ಗೋಜಿರಲಿಲ್ಲ, ಹೆಬ್ಬೆರಳಿನಿಂದ ಒತ್ತಿದರೆ ಮುಂದೆ ಹೋಗುತ್ತಿತ್ತು. ಒಂದು ಚಳಿಗಾಲ ಸಹೋದ್ಯೋಗಿಯೊಬ್ಬರು ಅವರನ್ನು ಗ್ಲಾಮಿಸ್‌ಗೆ ಕರೆದುಕೊಂಡು ಹೋದರು. ಯೂಮಾ ದಾಟಿ ಕ್ಯಾಲಿಫೋರ್ನಿಯಾದ ಆಗ್ನೇಯ ಮೂಲೆಯನ್ನು ಹೊಕ್ಕರೆ ಸಿಗುವ, 40 ಮೈಲಿಗೂ ಉದ್ದನೆಯ ಮರಳುದಿಬ್ಬಗಳ ಪಟ್ಟಿ ಅದು. ಕೆಲವು ದಿಬ್ಬಗಳು 300 ಅಡಿಯಷ್ಟು ಏಳುತ್ತವೆ. ಥ್ಯಾಂಕ್ಸ್‌ಗಿವಿಂಗ್ ವಾರದಲ್ಲಿ ಅಲ್ಲಿ ಒಂದು ಊರೇ ಎದ್ದು ನಿಲ್ಲುತ್ತದೆ. ಅಲ್ಲಿ ರಾಯರು ಸ್ಪೋರ್ಟ್ ಕ್ವಾಡ್ ನೋಡಿದರು, ಹತ್ತು ನಿಮಿಷ ಓಡಿಸಿಯೂ ಬಿಟ್ಟರು. ಮನೆಗೆ ಬಂದವರೇ ಜಾಹೀರಾತುಗಳನ್ನು ತಿರುವಿಹಾಕಲು ಕುಳಿತರು.

ರೆಸಾರ್ಟಿನ ಗಾಡಿಗೂ ಇದಕ್ಕೂ ಇರುವ ಸಂಬಂಧ ನಾಲ್ಕು ಚಕ್ರ ಮಾತ್ರ. ಸ್ಪೋರ್ಟ್ ಕ್ವಾಡ್‌ಗೆ ಕೈಯ ಕ್ಲಚ್, ಕಾಲಿನ ಗೇರ್, ಹಿಂದಿನ ಚಕ್ರಗಳಿಗೆ ಮಾತ್ರ ಚೈನ್ ಮೂಲಕ ಎಳೆತ. ಹಿಂದಿನ ಎರಡೂ ಚಕ್ರಗಳು ಒಂದೇ ಗಟ್ಟಿ ಆಕ್ಸಲ್‌ಗೆ ಬಿಗಿದಿರುವುದರಿಂದ ತಿರುವಿನಲ್ಲಿಯೂ ಎರಡೂ ಒಂದೇ ವೇಗದಲ್ಲಿ ಸುತ್ತುತ್ತವೆ. ಸವಾರ ಮೈಭಾರ ಸರಿಸದಿದ್ದರೆ ಗಾಡಿ ತಿರುಗುವ ಬದಲು ನೇರ ನುಗ್ಗುತ್ತದೆ. ಬೈಕ್ ಓಡಿಸಿದವರಿಗೆ ಇನ್ನೊಂದು ಅಪಾಯವಿದೆ. ಗಾಡಿ ವಾಲಿದಾಗ ಅಭ್ಯಾಸಬಲದಿಂದ ಕಾಲನ್ನು ನೆಲಕ್ಕೆ ಊರುತ್ತಾರೆ. ಕ್ವಾಡ್‌ನಲ್ಲಿ ಹಾಗೆ ಮಾಡಿದರೆ ಹಿಂದಿನ ಚಕ್ರ ಆ ಕಾಲಿನ ಮೇಲೆಯೇ ಹತ್ತುತ್ತದೆ. ಪಾದದ ಬದಿಗೆ ಬಲೆ ಕಟ್ಟಿದ ಕಂಬಿಗಳನ್ನು ಹಾಕಿಸುವುದು ಇದೇ ಕಾರಣಕ್ಕೆ.

ತೊಡಕು

ರಾಯರ ಬೇಡಿಕೆ ಕೇಳಲು ಸರಳವಾಗಿತ್ತು: ದಿಬ್ಬಕ್ಕೂ ಆಗಬೇಕು, ಕಾಡುಹಾದಿಗೂ ಆಗಬೇಕು, ತಾವೂ ಓಡಿಸಬೇಕು, ಹೆಂಡತಿಯೂ ಓಡಿಸಬೇಕು, ಎಲ್ಲ ಸೇರಿ 4,500 ಡಾಲರ್ ದಾಟಬಾರದು. ಪರಿಚಿತರಿಗೆ ಹಳೆಯ ಗಾಡಿಗಳನ್ನು ನೋಡಿಕೊಡುವ ಅಭ್ಯಾಸ ನನಗಿರುವುದರಿಂದ ಪಟ್ಟಿ ನನ್ನ ಬಳಿ ಬಂತು. ಅದರ ತುಂಬ 450 ಸಿಸಿಯ ರೇಸ್ ತಳಿಯ ಗಾಡಿಗಳೇ. ಜಾಹೀರಾತಿನಲ್ಲಿ ಎಷ್ಟು ಹೆಚ್ಚು ಬಿಡಿಭಾಗಗಳ ಹೆಸರಿದೆಯೋ ಆ ಗಾಡಿ ಅಷ್ಟು ಮೇಲೆ.

ನನ್ನ ಅಭಿಪ್ರಾಯ ಅದಕ್ಕೆ ಉಲ್ಟಾ, ಇಂದಿಗೂ ಬದಲಾಗಿಲ್ಲ. ಹಳೆಯ ಸ್ಪೋರ್ಟ್ ಕ್ವಾಡ್ ಮೇಲೆ ಹಿಂದಿನ ಮಾಲೀಕ ಹೇರಿದ ಪ್ರತಿಯೊಂದು ಅಲಂಕಾರವೂ ಕೊಳ್ಳುವವರಿಗೆ ಖರ್ಚು. ಅವನು ತನ್ನ ನೆಲಕ್ಕೆ ತಕ್ಕಂತೆ ಅದನ್ನು ಬದಲಿಸಿದ್ದಾನೆ, ನಿಮ್ಮ ನೆಲಕ್ಕಲ್ಲ. ಜೊತೆಗೆ, ದುಡ್ಡು ಸುರಿದು ಎಂಜಿನ್ ಬಿಚ್ಚಿದವನು ಅದನ್ನು ಮೆಲ್ಲಗೆ ಓಡಿಸಲೆಂದು ಬಿಚ್ಚಿರುವುದಿಲ್ಲ.

ಇದನ್ನು ಬಾಯಿಮಾತಿನಲ್ಲಿ ಹೇಳಿದರೆ ರಾಯರು ಒಪ್ಪುವವರಲ್ಲ. ಆದ್ದರಿಂದ ಮೊದಲು ಅವರು ವರ್ಷದ ಕ್ಯಾಲೆಂಡರ್ ತೆಗೆದು ಯಾವ ತಿಂಗಳು ಎಲ್ಲಿಗೆ ಹೋಗುತ್ತೀರಿ ಎಂದು ಬರೆಯುವಂತೆ ಕೇಳಿಕೊಂಡೆ. ಪ್ರಕರಣದ ಮೊದಲ ತಿರುವು ಇಲ್ಲಿದೆ. ಗ್ಲಾಮಿಸ್ ಮರಳಿನ ಋತು ಅಕ್ಟೋಬರ್‌ನಿಂದ ಏಪ್ರಿಲ್‌ವರೆಗೆ. ಬೇಸಿಗೆಯಲ್ಲಿ ಆ ಮರಳಿನ ಮೇಲೆ ನಿಲ್ಲುವುದೂ ಕಷ್ಟ. ಫೀನಿಕ್ಸ್‌ನಿಂದ ಹೋಗಿಬರಲು ದಿನದ ಹೆಚ್ಚು ಭಾಗ ರಸ್ತೆಯಲ್ಲೇ ಕಳೆಯುವುದರಿಂದ ಶನಿವಾರ, ಭಾನುವಾರ ಎರಡೂ ಬೇಕು. ಮಕ್ಕಳ ಶಾಲೆ, ಸಂಕ್ರಾಂತಿಗೆ ಊರಿಂದ ಬರುವ ಅತ್ತೆ ಮಾವ, ಇವೆಲ್ಲ ಕಳೆದು ಉಳಿದದ್ದು ಬೆರಳೆಣಿಕೆಯ ವಾರಾಂತ್ಯಗಳು. ಕಾಡುಹಾದಿಗಾದರೋ ಮನೆಯಿಂದ ಒಂದು ಗಂಟೆಗೆ ಟೊಂಟೊ ರಾಷ್ಟ್ರೀಯ ಅರಣ್ಯ ತಲುಪಬಹುದು, ಬೇಸಿಗೆಯಲ್ಲಿ ಪ್ರಸ್ಥಭೂಮಿಯ ಎತ್ತರದ ಅಂಚಾದ ಮೊಗೊಲ್ಲೊನ್ ರಿಮ್‌ನ ಮೇಲೆ ಪೈನ್ ಮರಗಳ ನಡುವೆ ಓಡಾಡಬಹುದು. ಗಂಟೆಗಳ ಲೆಕ್ಕ ಹಾಕಿದಾಗ ಹಾದಿಯ ಪಾಲು ದಿಬ್ಬದ ಪಾಲಿಗಿಂತ ಬಹಳ ದೊಡ್ಡದಾಗಿತ್ತು. ರಾಯರ ಕನಸೆಲ್ಲ ಮರಳಿನಲ್ಲಿತ್ತು, ಸವಾರಿ ಮಾತ್ರ ಕಲ್ಲುಮಣ್ಣಿನಲ್ಲಿ ನಡೆಯುವುದಿತ್ತು.

ಇನ್ನೊಂದು ಸಂಗತಿ ಕ್ಯಾಲೆಂಡರ್ ನೋಡಿದ ಮೇಲೆಯೇ ಹೊಳೆದದ್ದು. ಗ್ಲಾಮಿಸ್ ಸಮುದ್ರಮಟ್ಟಕ್ಕೆ ಹತ್ತಿರ. ರಿಮ್ ಪ್ರದೇಶ 2,000 ಮೀಟರ್‌ಗೂ ಮೇಲೆ. ಅಷ್ಟು ಎತ್ತರಕ್ಕೆ ಹೋದರೆ ಗಾಳಿ ತೆಳುವಾಗಿ ಎಂಜಿನ್‌ನ ಬಲದಲ್ಲಿ ಸುಮಾರು ಐದನೆಯ ಒಂದು ಭಾಗ ಕಡಿಮೆಯಾಗುತ್ತದೆ. ಅದು ಎಲ್ಲ ಗಾಡಿಗಳಿಗೂ ಒಂದೇ. ಆದರೆ ಕಾರ್ಬ್ಯುರೇಟರ್ ಇರುವ ಗಾಡಿಯಲ್ಲಿ ಕೆಳಗಿನ ಗಾಳಿಗೆ ಹೊಂದಿಸಿದ ಜೆಟ್ (ಪೆಟ್ರೋಲ್ ಹಾಯುವ ಸಣ್ಣ ತೂತು) ಮೇಲೆ ಹೋದಾಗ ಪೆಟ್ರೋಲನ್ನು ಹೆಚ್ಚಿಗೆ ಸುರಿಯುತ್ತದೆ, ಎಂಜಿನ್ ಕೆಮ್ಮುತ್ತದೆ, ಪ್ಲಗ್ ಕಪ್ಪಾಗುತ್ತದೆ. ಋತುವಿಗೆ ಎರಡು ಬಾರಿ ಜೆಟ್ ಬದಲಿಸುವ ತಾಳ್ಮೆಯಿರುವವರಿಗೆ ಇದು ತೊಂದರೆಯಲ್ಲ. ರಾಯರಿಗೆ ಆ ತಾಳ್ಮೆ ಇರಲಿಲ್ಲ, ಅದನ್ನು ಅವರೇ ಹೇಳಿದರು. ಹಾಗಾಗಿ ಗಾಳಿಗೆ ತಕ್ಕಷ್ಟು ಪೆಟ್ರೋಲನ್ನು ತಾನೇ ಅಳೆದು ಕೊಡುವ ಫ್ಯೂಯಲ್ ಇಂಜೆಕ್ಷನ್ ಎಂಬ ಸಾಲು ಪಟ್ಟಿಯ ಕೆಳಗಿನಿಂದ ಮೇಲಕ್ಕೆ ಬಂತು.

ನೋಡಿದ ಗಾಡಿಗಳು

ಮೊದಲ ಗಾಡಿ ಯಮಹಾ ಬ್ಯಾನ್‌ಶೀ. 1987ರಿಂದ 2006ರವರೆಗೆ ಅಮೆರಿಕದಲ್ಲಿ ಮಾರಾಟವಾದ ಎರಡು ಸಿಲಿಂಡರ್‌ನ ಟೂ ಸ್ಟ್ರೋಕ್; ದಿಬ್ಬಗಳ ಮಂದಿಗೆ ಅದರ ಸದ್ದೆಂದರೆ ಪ್ರಾಣ. ಬೆಲೆ ಕಡಿಮೆಯಿತ್ತು. ಕಾರಣವೂ ಬೇಗ ತಿಳಿಯಿತು: ಮಾಲೀಕತ್ವ ತೋರಿಸುವ ಟೈಟಲ್ ಕಾಗದವಿಲ್ಲ, ಕೈಬರಹದ ಮಾರಾಟ ಚೀಟಿಯಷ್ಟೇ ಇದೆ. ಚಾಸಿಯ ಮೇಲಿನ ಸಂಖ್ಯೆಯ ಕೊನೆಯ ಅಂಕಿಗಳನ್ನು ಯಾರೋ ಉಜ್ಜಿದ್ದರು. ಅಲ್ಲಿಂದ ಹೊರಟುಬಂದೆವು.

ಎರಡನೆಯದೇ ರಾಯರ ಮನಸ್ಸು ಕದ್ದದ್ದು. 2007ರ ಯಮಹಾ ವೈಎಫ್‌ಝಡ್ 450. ಅಗಲಿಸಿದ ಮುಂದಿನ ಕೈಗಳು (ಮುಂಚಕ್ರಗಳನ್ನು ಚಾಸಿಗೆ ಜೋಡಿಸುವ ತೋಳುಗಳು), ಉದ್ದನೆಯ ಹಿಂದಿನ ಆಕ್ಸಲ್, ಹೊರಗಿನ ಕಂಪನಿಯ ಸೈಲೆನ್ಸರ್, ಹೆಚ್ಚು ಕಂಪ್ರೆಷನ್‌ನ ಪಿಸ್ಟನ್, ಮರಳನ್ನು ಹಿಂದಕ್ಕೆ ತಳ್ಳಲು ಅಡ್ಡ ಹಲಗೆಗಳಿರುವ ಹೊಸ ಪ್ಯಾಡಲ್ ಟೈರ್ ಜೋಡಿ. ಕೇಳಿದ ಬೆಲೆ 3,400 ಡಾಲರ್. ಬಿಡಿಭಾಗಗಳ ರಸೀದಿಗಳೇ ಅದಕ್ಕಿಂತ ಹೆಚ್ಚಾಗುತ್ತವೆ ಎಂದು ಮಾರುವವನು ಹೇಳಿದ. ಸುಳ್ಳಲ್ಲ.

ನಾವು ಬರುವ ಮುನ್ನ ಎಂಜಿನ್ ಚಾಲೂ ಮಾಡಬೇಡಿ ಎಂದು ಹಿಂದಿನ ರಾತ್ರಿಯೇ ಸಂದೇಶ ಕಳುಹಿಸಿದ್ದೆವು. ಹೋದ ಕೂಡಲೇ ಎಂಜಿನ್ ಬದಿಗೆ ಕೈಯಿಟ್ಟೆ. ಬಿಸಿಯಾಗಿತ್ತು. ಇದೊಂದನ್ನೇ ನಾನು ಯಾವ ಮಾತಿಗಿಂತಲೂ ಹೆಚ್ಚು ನಂಬುತ್ತೇನೆ. ಹೆಚ್ಚು ವೇಗದಲ್ಲಿ ತಿರುಗುವ 450 ಸಿಸಿ ಎಂಜಿನ್‌ಗಳಲ್ಲಿ ವಾಲ್ವ್ ಸವೆದು ಆಸನದೊಳಕ್ಕೆ ಇಳಿದಂತೆ ಅದರ ಸಂದು ಕಿರಿದಾಗುತ್ತದೆ. ಕೊನೆಗೆ ವಾಲ್ವ್ ಪೂರ್ತಿ ಮುಚ್ಚುವುದೇ ಇಲ್ಲ. ಆಗ ಮೊದಲು ಕಾಣುವ ಲಕ್ಷಣವೇ ತಣ್ಣನೆಯ ಎಂಜಿನ್ ಚಾಲೂ ಆಗಲು ಸತಾಯಿಸುವುದು. ಮೊದಲೇ ಬಿಸಿ ಮಾಡಿಟ್ಟರೆ ಆ ಲಕ್ಷಣ ಕಾಣುವುದಿಲ್ಲ. ಕಂಪ್ರೆಷನ್ ಗೇಜ್ ಹಾಕಿ ನೋಡಬಹುದಲ್ಲ ಎಂದು ರಾಯರು ಕೇಳಿದರು. ಹಲವು ಫೋರ್ ಸ್ಟ್ರೋಕ್ ಎಂಜಿನ್‌ಗಳಲ್ಲಿ ಚಾಲೂ ಮಾಡುವಾಗ ಒತ್ತಡ ಇಳಿಸುವ ಸ್ವಯಂಚಾಲಿತ ವ್ಯವಸ್ಥೆ ಇರುವುದರಿಂದ ಆ ಗೇಜ್ ದಾರಿ ತಪ್ಪಿಸುತ್ತದೆ. ಸಿಲಿಂಡರ್‌ಗೆ ಹೊರಗಿನಿಂದ ಗಾಳಿ ತುಂಬಿ ಎಷ್ಟು ಸೋರುತ್ತದೆ, ಎಲ್ಲಿಂದ ಸೋರುತ್ತದೆ ಎಂದು ಅಳೆಯುವ ಪರೀಕ್ಷೆಯೇ ವಾಸಿ. ಮೆಕ್ಯಾನಿಕ್ ಬಳಿ ಅದನ್ನು ನಮ್ಮ ಖರ್ಚಿನಲ್ಲಿ ಮಾಡಿಸುತ್ತೇವೆ ಎಂದೆವು. ಮಾರುವವನಿಗೆ ಸಮಯವಿರಲಿಲ್ಲ.

ರಾಯರು ಆಗಲೂ ಬಿಡಲು ಸಿದ್ಧರಿರಲಿಲ್ಲ. "ವಾಲ್ವ್ ಹಾಕಿಸಿಕೊಂಡರೆ ಆಯಿತಲ್ಲ, ಉಳಿದದ್ದೆಲ್ಲ ಇದೆ" ಎಂದರು. ಆಗ ಅವರ ಹೆಂಡತಿ ಕಾರಿನಿಂದ ಟೇಪು ತಂದು ಹಿಂದಿನ ಚಕ್ರಗಳ ಹೊರ ಅಂಚಿನಿಂದ ಹೊರ ಅಂಚಿಗೆ ಹಿಡಿದರು. 51 ಇಂಚು. ಅಮೆರಿಕದ ಅರಣ್ಯ ಇಲಾಖೆಯ ಅನೇಕ ಕ್ವಾಡ್ ಹಾದಿಗಳಲ್ಲಿ 50 ಇಂಚಿನ ಮಿತಿಯಿದೆ. ಕೆಲವು ಕಡೆ ಹಾದಿಯ ಬಾಯಲ್ಲೇ ಅಷ್ಟು ಅಗಲಕ್ಕೆ ಕಂಬ ನೆಟ್ಟಿರುತ್ತಾರೆ. ಮರಳಿನ ಇಳಿಜಾರಿನಲ್ಲಿ ಅಡ್ಡ ಸಾಗುವಾಗ ಆ ಅಗಲ ಆಸರೆ. ಮರಗಳ ನಡುವೆ ಅದೇ ತಡೆ. ಪಿಸ್ಟನ್ ಬಗ್ಗೆ ಕೇಳಿದಾಗ ಅದಕ್ಕೆ ರೇಸ್ ಪೆಟ್ರೋಲ್ ಬೆರೆಸಬೇಕು ಎಂದು ಗೊತ್ತಾಯಿತು. ಬೆಟ್ಟದ ಊರಿನ ಬಂಕಿನಲ್ಲಿ ಸಿಗುವುದು ಹೆಚ್ಚೆಂದರೆ 91 ಆಕ್ಟೇನ್, ಆ ಪಿಸ್ಟನ್‌ಗೆ ಅದು ಸಾಲದು. ಸೈಲೆನ್ಸರ್‌ನಲ್ಲಿ ಕಿಡಿ ತಡೆಯುವ ಜಾಲರಿ ಇರಲಿಲ್ಲ, ಅದಿಲ್ಲದೆ ರಾಷ್ಟ್ರೀಯ ಅರಣ್ಯದೊಳಗೆ ಓಡಿಸುವಂತಿಲ್ಲ. ಅರಿಜೋನಾದಲ್ಲಿಯೂ ಕ್ಯಾಲಿಫೋರ್ನಿಯಾದಲ್ಲಿಯೂ ಸದ್ದಿಗೆ 96 ಡೆಸಿಬೆಲ್‌ನ ಮಿತಿಯಿದೆ; ಅದರೊಳಗೆ ಈ ಗಾಡಿ ಇತ್ತೆಂದು ನನಗೆ ಅನ್ನಿಸಲಿಲ್ಲ. ಒಟ್ಟಿನಲ್ಲಿ, ರಾಯರು ಹೆಚ್ಚು ಗಂಟೆ ಓಡಿಸಲಿದ್ದ ನೆಲಕ್ಕೆ ತರಲು ಅದರ ಮೇಲಿನ ಒಂದೊಂದು ದುಬಾರಿ ಭಾಗವನ್ನೂ ಬಿಚ್ಚಿ ಹಳೆಯದನ್ನು ಹುಡುಕಿ ಹಾಕಬೇಕಿತ್ತು.

ನಿರ್ಧಾರ ತಿರುಗಿದ್ದು ಟೇಪಿನಿಂದ. ವಾಲ್ವ್‌ನ ವಿಚಾರ ಊಹೆಯೆಂದು ವಾದಿಸಬಹುದಿತ್ತು, 51ರ ಜೊತೆ ವಾದಿಸಲು ಏನೂ ಇರಲಿಲ್ಲ.

ಮೂರನೆಯದು ಹೋಂಡಾ ಟಿಆರ್‌ಎಕ್ಸ್ 450ಆರ್, 2005ರದ್ದು. ಆ ವರ್ಷದವರೆಗೆ ಅದಕ್ಕೆ ಕಿಕ್ ಮಾತ್ರ. ಗುಂಡಿಯೊತ್ತಿ ಚಾಲೂ ಮಾಡುವ ಮಾದರಿ 2006ರಲ್ಲಿ ಬಂತು. ರಿವರ್ಸ್ ಗೇರ್ ಕೂಡ ಇಲ್ಲ. ರಾಯರ ಹೆಂಡತಿ ನಾಲ್ಕು ಬಾರಿ ಒದ್ದು, "ಇಳಿಜಾರಿನಲ್ಲಿ ನಿಂತುಹೋದರೆ ಇದನ್ನು ಒದೆಯುತ್ತ ಕೂರಲೇ?" ಎಂದು ಕೇಳಿದರು. ಪ್ರಶ್ನೆ ನ್ಯಾಯವಾದದ್ದೇ. ಹಾದಿಯಲ್ಲಿ ಬಂಡೆಗೆ ಮೂತಿ ಕೊಟ್ಟು ನಿಂತಾಗ ರಿವರ್ಸ್ ಇಲ್ಲದಿದ್ದರೆ ಸುಮಾರು 175 ಕಿಲೋದ ಗಾಡಿಯನ್ನು ಕೈಯಲ್ಲಿ ಹಿಂದಕ್ಕೆ ಎಳೆಯಬೇಕು.

ನಾಲ್ಕನೆಯದರ ಬಗ್ಗೆ ಓದುಗರಲ್ಲಿ ಕೆಲವರು ನನ್ನೊಡನೆ ಜಗಳಕ್ಕೆ ಬರಬಹುದು. ಯಮಹಾ ರಾಪ್ಟರ್ 700ಆರ್, 2013ರದ್ದು, ಯಾವ ಬದಲಾವಣೆಯೂ ಇಲ್ಲದ್ದು. 686 ಸಿಸಿ, ಫ್ಯೂಯಲ್ ಇಂಜೆಕ್ಷನ್, ರಿವರ್ಸ್ ಇದೆ, ಅಗಲ ಸುಮಾರು 46 ಇಂಚು, ಟ್ಯಾಂಕ್ 11 ಲೀಟರ್. ದಿಬ್ಬ ಮತ್ತು ಹಾದಿ ಎರಡಕ್ಕೂ ಒಂದೇ ಗಾಡಿ ಎಂದಾಗ ಬಲ್ಲವರು ಮೊದಲು ಹೇಳುವ ಹೆಸರು ಇದೇ, ಸುಮ್ಮನೆ ಅಲ್ಲ. ಕೇಳಿದ ಬೆಲೆ 4,600. ಅದನ್ನು ಬಿಡುವಂತೆ ಹೇಳಿದ್ದು ನಾನು, ಒಪ್ಪಿದ್ದು ಅವರು. ಹಣವೆಲ್ಲ ಗಾಡಿಗೇ ಹೋದರೆ ಹೆಲ್ಮೆಟ್, ಕನ್ನಡಕ, ಮೊಣಕಾಲಿನವರೆಗಿನ ಬೂಟು, ಎದೆಗವಚ ಇವು ಮುಂದಿನ ಸಂಬಳಕ್ಕೆ ಕಾಯುತ್ತವೆ, ಗಾಡಿ ಕಾಯುವುದಿಲ್ಲ. ಜೊತೆಗೆ ಇಬ್ಬರೂ ಹೊಸಬರು. ತುಂಬಿದ ಟ್ಯಾಂಕಿನೊಡನೆ 190 ಕಿಲೋ ತೂಗುವ, ಹೆಬ್ಬೆರಳಿನ ತುಸು ಒತ್ತಡಕ್ಕೆ ಮುಂಚಕ್ರ ಎತ್ತುವ ಗಾಡಿಯಲ್ಲಿ ಮೈಭಾರ ಸರಿಸುವ ಪಾಠ ಕಲಿಯುವುದು ಬೇಡವೆನಿಸಿತು.

ಕೊಂಡದ್ದು

ಕೊನೆಗೆ ಸಿಕ್ಕಿದ್ದು ಸುಝುಕಿ ಕ್ವಾಡ್‌ಸ್ಪೋರ್ಟ್ ಝಡ್ 400. ಈ ಮಾದರಿ 2003ರಲ್ಲಿ ಕಾರ್ಬ್ಯುರೇಟರ್ ಜೊತೆ ಬಂದು 2009ರಲ್ಲಿ ಫ್ಯೂಯಲ್ ಇಂಜೆಕ್ಷನ್ ಪಡೆಯಿತು. ಅದಕ್ಕೇ ನಾವು ಹುಡುಕಿದ್ದು 2009ರದ್ದನ್ನು. 398 ಸಿಸಿ, ನೀರಿನಿಂದ ತಣಿಯುವ ಎಂಜಿನ್, ಐದು ಗೇರ್, ಮೇಲೆ ರಿವರ್ಸ್. ಪ್ಲಾಸ್ಟಿಕ್ ಮೇಲೆಲ್ಲ ಕೊಂಬೆ ಗೀಚಿದ ಗುರುತುಗಳು, ಬಣ್ಣ ಮಾಸಿತ್ತು, ಫೋಟೊದಲ್ಲಿ ಯಾರೂ ಎರಡನೆಯ ಸಲ ನೋಡುವಂತಿರಲಿಲ್ಲ. ಸೈಲೆನ್ಸರ್ ಕಂಪನಿಯದೇ, ಆಕ್ಸಲ್ ಕಂಪನಿಯದೇ. ಮಾರುವವರು ವಯಸ್ಸಾದವರು, ಎಣ್ಣೆ ಬದಲಿಸಿದ ತಾರೀಖುಗಳನ್ನು ಗ್ಯಾರೇಜಿನ ಗೋಡೆಯ ಮೇಲೆ ಪೆನ್ಸಿಲ್‌ನಲ್ಲಿ ಬರೆದಿದ್ದರು.

ಎಂಜಿನ್ ತಣ್ಣಗಿತ್ತು, ಗುಂಡಿಯೊತ್ತಿದೊಡನೆ ಹತ್ತಿಕೊಂಡಿತು. ಏರ್ ಫಿಲ್ಟರ್ ತೆಗೆದು ಅದರ ಹಿಂದಿನ ಕೊಳವೆಯೊಳಗೆ ಬೆರಳು ಆಡಿಸಿದೆ. ಮರಳಿನಲ್ಲಿ ಓಡಿದ ಗಾಡಿಗೆ ಇದು ನನ್ನ ಖಾಯಂ ಪರೀಕ್ಷೆ. ಫಿಲ್ಟರ್‌ನ ಒಳಮಗ್ಗುಲಲ್ಲಿ ಬೆರಳಿಗೆ ಕಣ ಹತ್ತಿದರೆ ಎಂಜಿನ್ ಮರಳು ತಿಂದಿದೆ ಎಂದೇ ಅರ್ಥ, ಪಿಸ್ಟನ್ ರಿಂಗುಗಳ ಆಯಸ್ಸು ಮುಗಿಯುತ್ತ ಬಂದಿರುತ್ತದೆ. ಇಲ್ಲಿ ಬೆರಳಿಗೆ ಎಣ್ಣೆಯ ಪಸೆ ಬಿಟ್ಟು ಬೇರೇನೂ ಬರಲಿಲ್ಲ. ಮುಂಚಕ್ರಗಳನ್ನು ಮೇಲೆ ಕೆಳಗೆ ಹಿಡಿದು ಅಲುಗಿಸಿ ಬಾಲ್ ಜಾಯಿಂಟ್ ನೋಡಿದೆವು, ಮುಂದಿನ ಕೈಗಳು ಚಾಸಿಗೆ ಸೇರುವ ಜಾಗದಲ್ಲಿ ಬಿರುಕು, ಹೊಸ ಬೆಸುಗೆ, ಹೊಸ ಬಣ್ಣ ಇದೆಯೇ ಎಂದು ಟಾರ್ಚ್ ಹಿಡಿದು ಹುಡುಕಿದೆವು. ಹಿಂಭಾಗ ಎತ್ತಿ ಚಕ್ರ ಸುತ್ತಿಸಿದಾಗ ಆಕ್ಸಲ್ ನೇರವಾಗಿತ್ತು. ಆದರೆ ಚಕ್ರವನ್ನು ಅಡ್ಡಡ್ಡ ಅಲುಗಿಸಿದಾಗ ಸಣ್ಣ ಕಟಕಟ ಸದ್ದು ಬಂತು: ಆಕ್ಸಲ್ ಬೇರಿಂಗ್ ಸವೆದಿತ್ತು. ಚೈನ್ ಸಡಿಲ, ಹಿಂದಿನ ಸ್ಪ್ರಾಕೆಟ್‌ನ ಹಲ್ಲುಗಳು ಒಂದು ಕಡೆಗೆ ಬಾಗಿದ್ದವು. ಎರಡನ್ನೂ ಅವರಿಗೆ ತೋರಿಸಿದೆವು, 2,800 ಇದ್ದದ್ದು 2,450ಕ್ಕೆ ಇಳಿಯಿತು. ಅರಿಜೋನಾದಲ್ಲಿ ಕಾಗದದ ಟೈಟಲ್ ಮೇಲೆ ಮಾರುವವರ ಸಹಿ ನೋಟರಿಯ ಎದುರಿಗೆ ಆಗಬೇಕು. ಚಾಸಿ ಸಂಖ್ಯೆಯನ್ನು ಕಾಗದದ ಜೊತೆ ತಾಳೆ ನೋಡಿ, ಬ್ಯಾಂಕಿನಲ್ಲಿ ಕುಳಿತು ಆ ಕೆಲಸ ಮುಗಿಸಿದರು.

ಉಳಿದ ಹಣದಲ್ಲಿ ಬೇರಿಂಗ್, ಚೈನ್, ಎರಡು ಸ್ಪ್ರಾಕೆಟ್, ಇಬ್ಬರಿಗೂ ಪೂರ್ತಿ ರಕ್ಷಾ ಸಾಮಗ್ರಿ, ಜೊತೆಗೆ ಹಳೆಯ ಚಕ್ರದ ರಿಮ್ ಮೇಲೆ ಕೂರಿಸಿದ ಪ್ಯಾಡಲ್ ಟೈರ್ ಜೋಡಿ ಬಂದವು. ಒಂದೇ ಗಾಡಿಯನ್ನು ಎರಡು ನೆಲಕ್ಕೆ ಒಗ್ಗಿಸುವುದು ನಿಜವಾಗಿ ಇಷ್ಟೇ: ಹಿಂದಿನ ಚಕ್ರಗಳ ಇನ್ನೊಂದು ಜೋಡಿ, ಬದಿಗೆ ನಾಲ್ಕು ನಟ್. ಪ್ಯಾಡಲ್ ಟೈರ್ ಹಾಕಿಕೊಂಡು ಕಲ್ಲಿನ ಮೇಲೆ ಓಡಿಸಿದರೆ ಹಲಗೆಗಳು ಕಿತ್ತುಬರುತ್ತವೆ, ಹಾದಿಯ ಟೈರ್ ಹಾಕಿಕೊಂಡು ಮರಳಿಗಿಳಿದರೆ ಗಾಡಿ ತನ್ನ ಗುಂಡಿಯನ್ನು ತಾನೇ ತೋಡಿಕೊಳ್ಳುತ್ತದೆ.

ಮುಂದೆ ಆದದ್ದು

ಹಾದಿಗಳಲ್ಲಿ ಗಾಡಿ ನಿರೀಕ್ಷೆ ಮೀರಿ ನಡೆದುಕೊಂಡಿತು. ರಿಮ್‌ನ ಎತ್ತರದಲ್ಲಿ ಬಲ ಕಡಿಮೆಯಾದದ್ದು ಗೊತ್ತಾಗುತ್ತಿತ್ತು, ಕೆಮ್ಮಲಿಲ್ಲ. ರಾಯರ ಹೆಂಡತಿ ಬೈಕ್ ಓಡಿಸಿದವರಲ್ಲದ ಕಾರಣ ಬಿಡಬೇಕಾದ ಅಭ್ಯಾಸಗಳೇ ಅವರಿಗಿರಲಿಲ್ಲ. ತಿರುವಿನಲ್ಲಿ ಒಳಬದಿಗೆ ಮೈ ಸರಿಸುವುದನ್ನು ಗಂಡನಿಗಿಂತ ಬೇಗ ಕಲಿತರು. ರಾಯರು ಮೊದಲ ಸವಾರಿಗಳಲ್ಲೇ ಒಮ್ಮೆ ಕಾಲೂರಿದರು. ಬದಿಯ ಕಂಬಿ, ದಪ್ಪ ಬೂಟು ಎರಡೂ ಇದ್ದುದರಿಂದ ನೋವು ಒಂದು ವಾರಕ್ಕೆ ಮುಗಿಯಿತು.

ದಿಬ್ಬದಲ್ಲಿ ಕಥೆ ಅಷ್ಟು ಸಲೀಸಾಗಿರಲಿಲ್ಲ. ಮೊದಲ ಪ್ಯಾಡಲ್ ಟೈರ್ ದೊಡ್ಡ ಎಂಜಿನ್‌ಗೆ ತಕ್ಕದ್ದು, ಭಾರವೂ ಹೆಚ್ಚು, ಹಲಗೆಗಳೂ ಹೆಚ್ಚು. ಹಲಗೆ ಹೆಚ್ಚಿದಷ್ಟು ಮರಳಿನ ಹಿಡಿತ ಹೆಚ್ಚುತ್ತದೆ, ಎಂಜಿನ್ ಎಳೆಯಬೇಕಾದ ಹೊರೆಯೂ ಹೆಚ್ಚುತ್ತದೆ. ಮೂರನೆಯ ಗೇರಿಗೆ ಹಾಕಿದೊಡನೆ ಗಾಡಿ ಕುಸಿಯುತ್ತಿತ್ತು. ಅದನ್ನು ಮಾರಿ ಹಗುರವಾದ, ಕಡಿಮೆ ಹಲಗೆಯ ಜೋಡಿ ಹಾಕಿದ ಮೇಲೆ ಮೂರನೆಯ ಗೇರಿನಲ್ಲಿ ಏರಿತು. ಆದರೂ ಓಲ್ಡ್ಸ್‌ಮೊಬೈಲ್ ಹಿಲ್ ಎಂಬ ದೊಡ್ಡ ಏರಿನಲ್ಲಿ 700ಗಳು ಮಾತಾಡಿಕೊಂಡು ಹತ್ತುವಾಗ ರಾಯರ 400 ತುದಿಗೆ ಮುಂಚೆ ಉಸಿರು ಬಿಡುತ್ತಿತ್ತು. ಅಡ್ಡ ತಿರುಗಿಸಿ ಇಳಿಯುವುದನ್ನು ಅವರು ಅಚ್ಚುಕಟ್ಟಾಗಿ ಕಲಿತರು, ಸಂತೋಷದಿಂದೇನಲ್ಲ.

ಒಂದು ಸಂಜೆಯ ಘಟನೆಯನ್ನು ಮಾತ್ರ ಬಿಡುವಂತಿಲ್ಲ. ಗಾಳಿಯ ಮರೆಯ ಬದಿಯಲ್ಲಿ ದಿಬ್ಬ ಮೂವತ್ತು ಡಿಗ್ರಿಗೂ ಮಿಕ್ಕ ಕಡಿದಾದ ಇಳಿಜಾರಾಗಿ ಬೀಳುತ್ತದೆ. ಬಿಸಿಲು ಇಳಿದಾಗ ನೆರಳುಗಳು ಹರಡಿ ಅಂಚು ಕಣ್ಣಿಗೆ ಕಾಣುವುದೇ ಇಲ್ಲ. ರಾಯರು ಏರಿನ ತುದಿಯಲ್ಲಿ ವೇಗ ಇಳಿಸಿ ನೋಡಿದಾಗ ಆಚೆ ಬಟ್ಟಲಿನಂಥ ಗುಂಡಿ, ಅದರೊಳಗಿಂದ ಒಬ್ಬರು ಹತ್ತಿ ಬರುತ್ತಿದ್ದರು. ಮೊದಲು ಕಂಡದ್ದು ಅವರ ಕೋಲಿನ ತುದಿಯ ಬಾವುಟ. ನೆಲದಿಂದ ಎಂಟು ಅಡಿ ಎತ್ತರಕ್ಕೆ ಬಾವುಟ ಇರಬೇಕೆಂಬ ನಿಯಮ ಇರುವುದು ಈ ಕ್ಷಣಕ್ಕಾಗಿ. ಗಾಡಿಯ ಹಿಂದಿನ ಮಾಲೀಕರು ಕೊಟ್ಟಿದ್ದ ಕೋಲು ಮುರಿದಿತ್ತು, ಹೊಸದನ್ನು ಕೊಳ್ಳಲು ಮನಸ್ಸು ಮಾಡದ ರಾಯರಿಗೆ ಅದನ್ನು ಒತ್ತಾಯಿಸಿ ಕೊಡಿಸಿದ್ದು ಅವರ ಹೆಂಡತಿ.

ಈ ಪ್ರಕರಣದಲ್ಲಿ ಗಮನಿಸಬೇಕಾದ್ದು

ಮಾದರಿಯ ಹೆಸರಿಗಿಂತ ಕ್ಯಾಲೆಂಡರ್ ಮೊದಲು ಬಂದದ್ದು ಉಳಿದದ್ದನ್ನೆಲ್ಲ ಸುಲಭ ಮಾಡಿತು. ಗ್ಲಾಮಿಸ್‌ಗೆ ಒಂದು ಗಂಟೆಯ ದೂರದಲ್ಲಿರುವ ಯೂಮಾದ ಮನೆಯವರಾಗಿದ್ದರೆ ಇದೇ ಲೆಕ್ಕ ಬೇರೆ ಉತ್ತರ ಕೊಡುತ್ತಿತ್ತು. ಅವರಿಗೆ ಆ ಅಗಲಿಸಿದ 450, ವಾಲ್ವ್ ಸರಿಯಿದ್ದಲ್ಲಿ, ಒಳ್ಳೆಯ ವ್ಯಾಪಾರವೇ ಆಗಬಹುದಿತ್ತು. 400ರ ಆಯ್ಕೆ ಎಲ್ಲರಿಗೂ ಸರಿಯೆಂದು ನಾನು ಹೇಳುತ್ತಿಲ್ಲ. ಹಾಗೆಯೇ ರಾಪ್ಟರ್ ಬಿಟ್ಟದ್ದು ಸರಿಯೇ ಎಂಬ ಪ್ರಶ್ನೆ ತೆರೆದೇ ಇದೆ. ಒಬ್ಬರೇ ಸವಾರರಿದ್ದು, ರಕ್ಷಾ ಸಾಮಗ್ರಿ ಮೊದಲೇ ಇದ್ದಿದ್ದರೆ ನಾನೇ ಅದನ್ನು ಕೊಳ್ಳಲು ಹೇಳುತ್ತಿದ್ದೆ. ಕೊಂಡ ಗಾಡಿಯ ದೋಷ ಬೇರಿಂಗ್, ಚೈನ್‌ಗಳಂಥ ಹೊರಗಿನ ದೋಷವಾಗಿದ್ದುದು ಅದೃಷ್ಟವಲ್ಲ; ಅವು ಕಾಣುವ, ಬೆಲೆ ಕಟ್ಟಬಹುದಾದ ದೋಷಗಳೆಂಬ ಕಾರಣಕ್ಕೇ ಆ ಗಾಡಿಯನ್ನು ಒಪ್ಪಿದೆವು. ಬಿಸಿ ಮಾಡಿಟ್ಟ ಎಂಜಿನ್‌ನಲ್ಲಿ ಅಡಗಿದ್ದುದಕ್ಕೆ ಬೆಲೆ ಕಟ್ಟಲು ಯಾರಿಂದಲೂ ಆಗುತ್ತಿರಲಿಲ್ಲ.

ಎರಡು ಋತು ಕಳೆದ ಮೇಲೆ ರಾಯರು 400 ಮಾರಿ ದೊಡ್ಡದನ್ನು ತರುವ ಮಾತೆತ್ತಿದರು. ಕೊಟ್ಟ ಬೆಲೆಗೆ ಹೆಚ್ಚುಕಡಿಮೆ ಸಮನಾಗಿ ಕೇಳಿದವರೂ ಬಂದರು. ಹೆಂಡತಿ ಒಪ್ಪಲಿಲ್ಲ: "ನಿಮಗೆ ಬೇಕಾದರೆ ಇನ್ನೊಂದು ತನ್ನಿ, ಇದು ನನ್ನದು." ಹೀಗಾಗಿ ಈಗ ಹುಡುಕಾಟ ಎರಡನೆಯ ಗಾಡಿಗೆ, ಅದೂ ರಾಪ್ಟರ್‌ಗೆ. ಹೋಂಡಾ ತನ್ನ ದೊಡ್ಡ ಸ್ಪೋರ್ಟ್ ಕ್ವಾಡ್‌ಗಳನ್ನು 2014ರ ಹೊತ್ತಿಗೆ ನಿಲ್ಲಿಸಿಬಿಟ್ಟಿತು, ಯಮಹಾ ಬಿಡದೆ ಮುಂದುವರಿಸಿತು. ಹತ್ತು ವರ್ಷದ ಹಳೆಯ ಗಾಡಿಗೂ ಬಿಡಿಭಾಗ ಸಿಗುತ್ತದೆಂಬ ಧೈರ್ಯ ಅದರಿಂದ ಬಂದದ್ದು. ಅಕ್ಟೋಬರ್‌ನಲ್ಲಿ ನೋಡಿದ ಗಾಡಿಗಳ ಬೆಲೆ ಋತುವಿನ ಆಸೆಗೆ ಏರಿತ್ತು. ಏಪ್ರಿಲ್ ಮುಗಿದು ಮರಳು ಕಾಯತೊಡಗಿದ ಮೇಲೆ, ಗ್ಯಾರೇಜಿನಲ್ಲಿ ಜಾಗ ಬೇಕಾದವರು ಮಾರಲು ಇಡುತ್ತಾರೆ. ಅಲ್ಲಿಯವರೆಗೆ ಕಾಯಲು ರಾಯರಿಗೆ ಹೇಳಿದ್ದೇನೆ.